ದಿಂಡು, ಸಿಪ್ಪೆ, ಸೌದೆ: ಸಸ್ಯದಿಂದ ರಾಸಾಯನಿಕ ತೆಗೆಯುವ ಬಗ್ಗೆ ಓದುಗರ ಪ್ರಶ್ನೆಗಳು

ಹೊಲದಲ್ಲೋ ಗಿರಣಿಯಲ್ಲೋ ಉಳಿಯುವ ಸಸ್ಯದ ಭಾಗಗಳಿಂದ ಬೆಲೆಬಾಳುವ ರಾಸಾಯನಿಕ ತೆಗೆಯಬಹುದೇ ಎಂದು ಕೇಳಿ ಈ ಸಲ ಹಲವು ಪತ್ರಗಳು ಬಂದಿವೆ. ಉದ್ದದ ಪತ್ರಗಳನ್ನು ಮೊಟಕು ಮಾಡಿ ಪ್ರಶ್ನೆಯನ್ನಷ್ಟೇ ಉಳಿಸಿಕೊಂಡಿದ್ದೇವೆ.

ನಮ್ಮ ಕಡೆ ಗೋವಿನಜೋಳ ಒಕ್ಕಿದ ಮೇಲೆ ದಿಂಡು ರಾಶಿಗಟ್ಟಲೆ ಉಳಿಯುತ್ತದೆ. ಅದರಿಂದ ‘ಫರ್ಫ್ಯೂರಾಲ್’ ಎಂಬ ರಾಸಾಯನಿಕ ತೆಗೆಯಬಹುದು, ದಿನಕ್ಕೆ ಎರಡು ಟನ್ ದಿಂಡಿನ ಘಟಕ ಹಾಕಿಕೊಡುತ್ತೇವೆ, ಟನ್ನಿಗೆ 300 ಕೆ.ಜಿ. ಬರುತ್ತದೆ ಎಂದು ಒಬ್ಬರು ಬೆನ್ನುಬಿದ್ದಿದ್ದಾರೆ. ನಂಬಬಹುದೇ?
– ಎಂ.ಎಸ್., ರಾಣೆಬೆನ್ನೂರು

300 ಕೆ.ಜಿ. ಕಾಗದದ ಮೇಲೂ ಬರುವುದಿಲ್ಲ. ದಿಂಡಿನಲ್ಲಿರುವುದು ಮುಖ್ಯವಾಗಿ ಸಸ್ಯದ ಮೈಕಟ್ಟುವ ಮೂರು ವಸ್ತುಗಳು: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಫರ್ಫ್ಯೂರಾಲ್ ಹುಟ್ಟುವುದು ಹೆಮಿಸೆಲ್ಯುಲೋಸ್‌ನೊಳಗಿನ ಕ್ಸೈಲಾನ್‌ನಿಂದ ಮಾತ್ರ. ಒಣ ದಿಂಡಿನಲ್ಲಿ ಕ್ಸೈಲಾನ್ ಸುಮಾರು ಶೇ 30, ಅಂದರೆ ಟನ್ನಿಗೆ 300 ಕೆ.ಜಿ. ನಿಮಗೆ ಹೇಳಿದವರು ಈ ಅಂಕಿಯನ್ನೇ ಫರ್ಫ್ಯೂರಾಲ್ ಎಂದು ಓದಿಕೊಂಡಿರಬಹುದು. ಆಮ್ಲ ಮತ್ತು ಶಾಖ ತಗುಲಿದಾಗ ಕ್ಸೈಲಾನ್ ಒಡೆದು ಕ್ಸೈಲೋಸ್ ಎಂಬ ಸಕ್ಕರೆಯಾಗುತ್ತದೆ. ಆ ಸಕ್ಕರೆ ಮೂರು ನೀರಿನ ಅಣು ಕಳೆದುಕೊಂಡು ಫರ್ಫ್ಯೂರಾಲ್ ಆಗುತ್ತದೆ. ತೂಕದಲ್ಲಿ 132 ಭಾಗ ಕ್ಸೈಲಾನ್‌ಗೆ ಹೆಚ್ಚೆಂದರೆ 96 ಭಾಗ ಫರ್ಫ್ಯೂರಾಲ್. ಒಂದು ಕಣವೂ ಹಾಳಾಗದಿದ್ದರೆ 218 ಕೆ.ಜಿ. ದೊಡ್ಡ ಕಾರ್ಖಾನೆಗಳಿಗೆ ದಕ್ಕುವುದು ಅದರಲ್ಲಿ ಅರ್ಧ, ಇಲ್ಲವೇ ಅರ್ಧಕ್ಕೂ ತುಸು ಕಡಿಮೆ. ಒಂದು ಟನ್ ಫರ್ಫ್ಯೂರಾಲ್‌ಗೆ 10ರಿಂದ 12 ಟನ್ ದಿಂಡು ಎಂಬ ಲೆಕ್ಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದೂ ಒಣ ದಿಂಡು. ಮಳೆಯಲ್ಲಿ ನೆಂದು ಬೂಷ್ಟು ಹಿಡಿದ ರಾಶಿಗೆ ಈ ಲೆಕ್ಕ ಹೊಂದುವುದಿಲ್ಲ.

ಉಳಿದ ಅರ್ಧ ಎಲ್ಲಿ ಹೋಗುತ್ತದೆ? ಫರ್ಫ್ಯೂರಾಲ್‌ಗೆ ತನ್ನ ಹೆತ್ತ ಸಕ್ಕರೆಯೊಂದಿಗೇ ಆಗುವುದಿಲ್ಲ. ಬಿಸಿ ಆಮ್ಲದಲ್ಲಿ ನಿಂತಷ್ಟು ಹೊತ್ತೂ ಅದು ಅರ್ಧ ಬದಲಾದ ಕ್ಸೈಲೋಸ್ ಜೊತೆ, ತನ್ನಂಥದ್ದೇ ಇನ್ನೊಂದು ಅಣುವಿನ ಜೊತೆ ಕೂಡಿ ಡಾಂಬರಿನಂಥ ಕಪ್ಪು ಅಂಟಾಗುತ್ತದೆ. ಆದ್ದರಿಂದ ಹುಟ್ಟಿದ ಕೂಡಲೇ ಅದನ್ನು ಹಬೆಯ ಜೊತೆ ಹೊರಗೆಳೆಯಬೇಕು. ಸಲ್ಫ್ಯೂರಿಕ್ ಆಮ್ಲ ಆವಿಯಾಗಿ ಜೊತೆಗೆ ಬರುವುದಿಲ್ಲವಾದ್ದರಿಂದ ಹಬೆಗೆ ಸೇರಿದ ಫರ್ಫ್ಯೂರಾಲ್ ಉಳಿದುಕೊಳ್ಳುತ್ತದೆ.

ಕಾರ್ಖಾನೆಯಲ್ಲಿ ಮಾಡುವುದು ಇಷ್ಟು: ಪುಡಿ ಮಾಡಿದ ದಿಂಡಿಗೆ ಶೇ 4ರಿಂದ 6ರ ಸಲ್ಫ್ಯೂರಿಕ್ ಆಮ್ಲದ ದ್ರಾವಣವನ್ನು ಒದ್ದೆಯಾಗುವಷ್ಟು ಬೆರೆಸುತ್ತಾರೆ, ಮುಳುಗುವಷ್ಟಲ್ಲ. ಮುಚ್ಚಿದ ಪಾತ್ರೆಗೆ ತುಂಬಿ ಕೆಳಗಿನಿಂದ ಹಬೆ ಬಿಟ್ಟು 150ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಒತ್ತಡ 5ರಿಂದ 10 ಬಾರ್. ಮೇಲಿನಿಂದ ಹೊರಡುವ ಆವಿಯಲ್ಲಿ ಫರ್ಫ್ಯೂರಾಲ್ ನೂರಕ್ಕೆ 3ರಿಂದ 5 ಭಾಗ, ಜೊತೆಗೆ ಒಂದಿಷ್ಟು ಅಸಿಟಿಕ್ ಆಮ್ಲ ಮತ್ತು ಮೆಥನಾಲ್. ಮಿಕ್ಕಿದ್ದೆಲ್ಲ ನೀರು.

ಖರ್ಚು ಕೂತಿರುವುದು ಈ ನೀರಿನಲ್ಲಿ. ಒಂದು ಟನ್ ಫರ್ಫ್ಯೂರಾಲ್‌ಗೆ 20 ಟನ್‌ಗಿಂತ ಹೆಚ್ಚು ಹಬೆ ಬೇಕಾಗುತ್ತದೆ. ನಿಮ್ಮ ಎರಡು ಟನ್ ದಿಂಡಿನಿಂದ ದಿನಕ್ಕೆ ಚೆನ್ನಾಗಿ ನಡೆದರೆ 200 ಕೆ.ಜಿ. ಬರುತ್ತದೆ ಎನ್ನೋಣ. ಅದಕ್ಕೆ ಐದು ಟನ್ನಿನಷ್ಟು ಹಬೆ ಏಳಿಸಬೇಕು, ತಣಿಸಬೇಕು, ಬೇರ್ಪಡಿಸಬೇಕು. ಕೊನೆಗೆ ಶೇ 1ರಿಂದ 2ರಷ್ಟು ಅಸಿಟಿಕ್ ಆಮ್ಲವಿರುವ ನಾಲ್ಕೈದು ಸಾವಿರ ಲೀಟರ್ ಹುಳಿ ನೀರು ದಿನವೂ ನಿಮ್ಮ ಅಂಗಳದಲ್ಲಿ ಉಳಿಯುತ್ತದೆ. ಅದರ ಸಿಒಡಿ, ಅಂದರೆ ನೀರಿನ ಆಮ್ಲಜನಕವನ್ನು ನುಂಗುವ ಶಕ್ತಿ, ಲೀಟರಿಗೆ 15,000 ಮಿಲಿಗ್ರಾಂ ದಾಟುವುದು ಸಾಮಾನ್ಯ. ಹಳ್ಳಕ್ಕೆ ಬಿಡಲು ಇರುವ ಮಿತಿ 250. ನಡುವಿನ ವ್ಯತ್ಯಾಸವನ್ನು ಇಳಿಸುವ ಶುದ್ಧೀಕರಣ ಘಟಕ ಆ ದರಪಟ್ಟಿಯಲ್ಲಿ ಇದೆಯೇ ನೋಡಿ.

ಇನ್ನೆರಡು ಕಡೆ ಏಟು ಬೀಳುತ್ತದೆ. ಮೊದಲನೆಯದು ಪಾತ್ರೆ. 170 ಡಿಗ್ರಿಯ ದುರ್ಬಲ ಸಲ್ಫ್ಯೂರಿಕ್ ಆಮ್ಲ ಸಾಮಾನ್ಯ ಉಕ್ಕನ್ನು ತಿಂದುಹಾಕುತ್ತದೆ. ‘316 ಸ್ಟೇನ್‌ಲೆಸ್ ಹಾಕಿದ್ದೇವೆ’ ಎಂಬ ಭರವಸೆಯೂ ಅಲ್ಲಿ ಸಾಲದು. ಆಮ್ಲ ತಡೆಯುವ ಇಟ್ಟಿಗೆಯ ಒಳಪದರವೋ ದುಬಾರಿ ಮಿಶ್ರಲೋಹವೋ ಬೇಕು. ಎರಡನೆಯದು ಉಳಿಕೆ. ಬೆಂದ ದಿಂಡನ್ನು ಬಾಯ್ಲರಿಗೆ ಹಾಕಿದರೆ ಇಂಧನದ ಖರ್ಚಿಲ್ಲ ಎನ್ನುತ್ತಾರೆ. ಅದು ನಿಜವೇ, ಆದರೆ ಆ ಉಳಿಕೆಯಲ್ಲಿ ಅರ್ಧದಷ್ಟು ನೀರು ಮತ್ತು ನೀವೇ ಹಾಕಿದ ಆಮ್ಲ ಇರುತ್ತವೆ. ಉರಿ ಮಂದವಾಗುತ್ತದೆ, ಹೊಗೆಯಲ್ಲಿ ಗಂಧಕದ ಆಕ್ಸೈಡ್ ಬರುತ್ತದೆ, ಹೊಗೆ ತಣ್ಣಗಾಗುವ ತುದಿಯ ಕೊಳವೆಗಳು ಮೊದಲು ತೂತಾಗುತ್ತವೆ.

ಹಾಗಂತ ಫರ್ಫ್ಯೂರಾಲ್ ಬೇಡದ ವಸ್ತುವೇನಲ್ಲ. ಅದರ ಬಹುಪಾಲು ಫರ್ಫ್ಯೂರೈಲ್ ಆಲ್ಕೋಹಾಲ್ ಆಗಿ ಫೌಂಡ್ರಿಗಳಿಗೆ ಹೋಗುತ್ತದೆ. ಮರಳಿನ ಅಚ್ಚು ಕಾಯಿಸದೆಯೇ ಗಟ್ಟಿಯಾಗುವಂತೆ ಕಟ್ಟುವ ಫ್ಯೂರಾನ್ ಅಂಟು ಅದರಿಂದಲೇ ಆಗುವುದು. ಬೆಳಗಾವಿಯ ಎರಕದವರಿಗೆ ಇದು ಗೊತ್ತಿರುವ ಮಾಲು. 1920ರ ದಶಕದ ಆರಂಭದಲ್ಲಿ ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಕ್ವೇಕರ್ ಓಟ್ಸ್ ಕಂಪನಿ ಓಟ್ಸ್ ಹೊಟ್ಟಿನಿಂದ ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತೆಗೆಯಿತು. ಹೊಟ್ಟು ಅದರ ಅಂಗಳದಲ್ಲೇ ಗುಡ್ಡೆ ಬಿದ್ದಿತ್ತು, ಸಾಗಾಣಿಕೆಯ ಖರ್ಚು ಇರಲಿಲ್ಲ. ಇಂದು ಜಗತ್ತಿನ ಬಹುಪಾಲು ಫರ್ಫ್ಯೂರಾಲ್ ಬರುವುದು ಚೀನಾದ ಜೋಳದ ದಿಂಡಿನಿಂದ. ನಮ್ಮಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಅಸ್ಸಾಂನ ನುಮಾಲಿಗಢದಲ್ಲಿ ಉದ್ಘಾಟನೆಯಾದ ಬಿದಿರಿನ ಘಟಕ ಎಥೆನಾಲ್ ಜೊತೆಗೆ ಫರ್ಫ್ಯೂರಾಲ್ ಮತ್ತು ಅಸಿಟಿಕ್ ಆಮ್ಲವನ್ನೂ ಮಾರುವ ಲೆಕ್ಕದಲ್ಲಿ ಕಟ್ಟಿದ್ದು. ಆ ಪ್ರಮಾಣದಲ್ಲಿ ಹುಳಿ ನೀರಿನೊಳಗಿನ ಅಸಿಟಿಕ್ ಆಮ್ಲವೂ ಸರಕಾಗುತ್ತದೆ. ದಿನಕ್ಕೆ ಎರಡು ಟನ್‌ನಲ್ಲಿ ಅದು ಕೊಳಚೆಯಾಗಿಯೇ ಉಳಿಯುತ್ತದೆ.

ಈ ಘಟಕಕ್ಕೆ ಕೈಹಾಕಬೇಡಿ. ಮನಸ್ಸು ತಡೆಯದಿದ್ದರೆ, ಮುಂಗಡ ಕೊಡುವ ಮೊದಲು ಮಾರುವವರಿಂದ ಮೂರು ಅಂಕಿಗಳನ್ನು ಬರಹದಲ್ಲಿ ಕೇಳಿ: ಟನ್ ಒಣ ದಿಂಡಿಗೆ ಎಷ್ಟು ಕೆ.ಜಿ. ಫರ್ಫ್ಯೂರಾಲ್, ಒಂದು ಕೆ.ಜಿ. ಫರ್ಫ್ಯೂರಾಲ್‌ಗೆ ಎಷ್ಟು ಕೆ.ಜಿ. ಹಬೆ, ದಿನಕ್ಕೆ ಎಷ್ಟು ಲೀಟರ್ ಕೊಳಚೆ ನೀರು ಮತ್ತು ಅದರ ಸಿಒಡಿ ಎಷ್ಟು. ಮೂರನೆಯದಕ್ಕೆ ಉತ್ತರ ಬಾರದಿದ್ದರೆ ಅವರು ಇಂಥ ಘಟಕ ನಡೆಸಿದವರಲ್ಲ.

ಬಿ.ಎಸ್ಸಿ. ಪ್ರಾಜೆಕ್ಟಿಗಾಗಿ ಜೋಳದ ದಿಂಡಿನಿಂದ ಫರ್ಫ್ಯೂರಾಲ್ ತೆಗೆಯಲು ಹೋದೆವು. ಆಮ್ಲದಲ್ಲಿ ಎರಡು ಗಂಟೆ ರಿಫ್ಲಕ್ಸ್ ಮಾಡಿ ಆಮೇಲೆ ಬಟ್ಟಿ ಇಳಿಸಿದೆವು. ಫ್ಲಾಸ್ಕ್‌ನಲ್ಲಿ ಕಪ್ಪು ಗಸಿ, ಬಟ್ಟಿಯಲ್ಲಿ ಬರೀ ನೀರು. ಎಣ್ಣೆಯ ಪದರ ಕಾಣಲೇ ಇಲ್ಲ. ಎಲ್ಲಿ ತಪ್ಪಿದೆವು?
– ವಿದ್ಯಾರ್ಥಿನಿಯರು, ಧಾರವಾಡ

ಎರಡು ಕಡೆ. ಒಂದು ರಿಫ್ಲಕ್ಸ್: ಹುಟ್ಟಿದ ಫರ್ಫ್ಯೂರಾಲನ್ನು ಕಂಡೆನ್ಸರ್ ಮತ್ತೆ ಮತ್ತೆ ಆಮ್ಲಕ್ಕೇ ಮರಳಿಸಿದೆ. ಹಿಂದಿನ ಉತ್ತರದಲ್ಲಿ ಹೇಳಿದ ಕಪ್ಪು ಅಂಟು ನಿಮ್ಮ ಫ್ಲಾಸ್ಕ್‌ನಲ್ಲಿದ್ದದ್ದೇ. ಎರಡನೆಯದು, ಬಟ್ಟಿಯಲ್ಲಿ ಬಂದದ್ದು ಬರೀ ನೀರಲ್ಲದಿರಬಹುದು. ಕೋಣೆಯ ಉಷ್ಣತೆಯಲ್ಲಿ ನೂರು ಭಾಗ ದ್ರಾವಣದಲ್ಲಿ ಎಂಟು ಭಾಗದವರೆಗೂ ಫರ್ಫ್ಯೂರಾಲ್ ಕರಗಿರುತ್ತದೆ. ನಿಮ್ಮ ಬಟ್ಟಿಯಲ್ಲಿ ಶೇ 3 ಇದ್ದರೂ ಕಣ್ಣಿಗೆ ನೀರಿನಂತೆಯೇ ಕಂಡಿರುತ್ತದೆ. ಎಸೆದಿಲ್ಲವಾದರೆ ಮೂಸಿ ನೋಡಲು ಹೋಗದೆ, ಮುಂದೆ ಹೇಳುವ ಕಾಗದದ ಪರೀಕ್ಷೆ ಮಾಡಿ.

ಮತ್ತೆ ಮಾಡುವುದಾದರೆ ಹೀಗೆ ಮಾಡಿ. ಒಣ ದಿಂಡು 100 ಗ್ರಾಂ, ಕಡಲೆ ಗಾತ್ರಕ್ಕೆ ಜಜ್ಜಿದ್ದು. ಹಿಟ್ಟು ಮಾಡಬೇಡಿ, ನೊರೆ ಬಂದು ಉಕ್ಕುತ್ತದೆ, ತಳ ಹಿಡಿಯುತ್ತದೆ. 335 ಮಿ.ಲೀ. ನೀರಿಗೆ 21 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ತೆಳ್ಳಗೆ ಸುರಿಯುತ್ತಾ ಕಲಕಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಇದು ಸುಮಾರು ಶೇ 10ರ ದ್ರಾವಣ. 130 ಗ್ರಾಂ ಅಡುಗೆ ಉಪ್ಪು ಸೇರಿಸಿ. ಉಪ್ಪು ಕುದಿಬಿಂದುವನ್ನು ಏರಿಸುತ್ತದೆ, ಫರ್ಫ್ಯೂರಾಲನ್ನು ನೀರಿನಿಂದ ಆವಿಗೆ ತಳ್ಳುತ್ತದೆ. ಎಲ್ಲವನ್ನೂ 2 ಲೀಟರಿನ ದುಂಡು ತಳದ ಫ್ಲಾಸ್ಕ್‌ಗೆ ಹಾಕಿ, ಮೇಲೆ ಡ್ರಾಪಿಂಗ್ ಫನಲ್, ಪಕ್ಕಕ್ಕೆ ಬಟ್ಟಿಯ ಕಂಡೆನ್ಸರ್. ಮೊದಲಿನಿಂದಲೇ ಬಟ್ಟಿ ಇಳಿಸಿ. 30 ಮಿ.ಲೀ. ಬಂದಾಗಲೆಲ್ಲ 30 ಮಿ.ಲೀ. ಬಿಸಿನೀರನ್ನು ಮೇಲಿನಿಂದ ಸೇರಿಸಿ. ನೀರು ಸೇರಿಸಲು ಮರೆತರೆ ಉಪ್ಪು ತಳಕ್ಕೆ ಕೂತು, ದಿಂಡು ಕರಿದು, ಫ್ಲಾಸ್ಕ್ ಬಿರುಕು ಬಿಡುವ ಸಂಭವವಿದೆ.

ಯಾವಾಗ ನಿಲ್ಲಿಸಬೇಕು? ಅನಿಲಿನ್ ಮತ್ತು ಅಸಿಟಿಕ್ ಆಮ್ಲವನ್ನು ಸಮಪಾಲು ಬೆರೆಸಿ ಫಿಲ್ಟರ್ ಕಾಗದಕ್ಕೆ ಹಚ್ಚಿ. ಬಟ್ಟಿಯ ಒಂದು ಹನಿ ಬಿದ್ದರೆ ಕಾಗದ ಕುಂಕುಮದಂತೆ ಕೆಂಪಾಗುತ್ತದೆ. ಬಣ್ಣ ಬಾರದಾದಾಗ ದಿಂಡಿನಲ್ಲಿ ತೆಗೆಯುವಂಥದ್ದು ಇಲ್ಲವೆಂದರ್ಥ. ಅಷ್ಟರಲ್ಲಿ 300ರಿಂದ 400 ಮಿ.ಲೀ. ಬಂದಿರುತ್ತದೆ, ಮೂರು ಗಂಟೆ ಹಿಡಿಯುತ್ತದೆ. ಅನಿಲಿನ್ ವಿಷ, ಕೈಗವಸು ಮತ್ತು ಫ್ಯೂಮ್ ಹುಡ್ ಇಲ್ಲದೆ ಮುಟ್ಟಬೇಡಿ.

ಬಟ್ಟಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಸೇರಿರುತ್ತದೆ. ಉಪ್ಪು ಮತ್ತು ಸಲ್ಫ್ಯೂರಿಕ್ ಆಮ್ಲ ಕೂಡಿ ಕುದ್ದದ್ದರ ಫಲ ಅದು. ಸೋಡಿಯಂ ಕಾರ್ಬೊನೇಟ್‌ನಿಂದ ಪಿಎಚ್ 7–8ಕ್ಕೆ ತನ್ನಿ, ಮುಂದೆ ಹೋಗಬೇಡಿ. ಕ್ಷಾರ ಹೆಚ್ಚಾದರೆ ಫರ್ಫ್ಯೂರಾಲ್ ಕ್ಯಾನಿಜ಼ಾರೊ ಕ್ರಿಯೆಗೆ ಸಿಕ್ಕಿ ಅರ್ಧ ಆಲ್ಕೋಹಾಲ್, ಅರ್ಧ ಆಮ್ಲವಾಗಿ ಒಡೆಯುತ್ತದೆ. ನಂತರ ಇದನ್ನು ಎರಡನೇ ಸಲ ಬಟ್ಟಿ ಇಳಿಸಿ. ಫರ್ಫ್ಯೂರಾಲ್ ತಾನೊಂದೇ ಕುದಿಯುವುದು 162 ಡಿಗ್ರಿಯ ಹತ್ತಿರ. ಆದರೆ ನೀರಿನ ಜೊತೆ ಸೇರಿ 98 ಡಿಗ್ರಿಯಲ್ಲೇ, ನೂರಕ್ಕೆ 35 ಭಾಗ ಫರ್ಫ್ಯೂರಾಲ್ ಇರುವ ಅಜಿಯೋಟ್ರೋಪ್ (ಒಂದೇ ಹದದಲ್ಲಿ ಒಟ್ಟಿಗೆ ಕುದಿಯುವ ಮಿಶ್ರಣ) ಆಗಿ ಬರುತ್ತದೆ. ಹಾಗಾಗಿ ಮೊದಲ 40 ಮಿ.ಲೀ.ಯಲ್ಲೇ ಹೆಚ್ಚಿನ ಪಾಲು ಇಳಿಯುತ್ತದೆ. ತಣಿದಾಗ ಎರಡು ಪದರ ಬೀಳುತ್ತವೆ.

ಸಾಂದ್ರತೆ 1.16 ಇರುವುದರಿಂದ ಫರ್ಫ್ಯೂರಾಲ್ ಕೆಳಗಿನ ಪದರ. ಇಲ್ಲಿ ಒಂದು ಹೊಂಡವಿದೆ. ಇನ್ನಷ್ಟು ಬೇರ್ಪಡಲಿ ಎಂದು ಉಪ್ಪು ಸುರಿದು ನೀರನ್ನು ಪೂರ್ತಿ ಉಪ್ಪಾಗಿಸಿದರೆ ಅದರ ಸಾಂದ್ರತೆ 1.20ಕ್ಕೇರುತ್ತದೆ. ಆಗ ಫರ್ಫ್ಯೂರಾಲ್ ಮೇಲಕ್ಕೆ ಬರುತ್ತದೆ, ಅಥವಾ ಎಲ್ಲೂ ನಿಲ್ಲದೆ ನಡುವೆ ತೇಲುತ್ತದೆ. ಪುಸ್ತಕದಲ್ಲಿ ‘ಕೆಳಪದರ’ ಎಂದಿದೆಯೆಂದು ಉಪ್ಪುನೀರನ್ನು ಇಟ್ಟುಕೊಂಡು ಮಾಲನ್ನು ಸಿಂಕಿಗೆ ಸುರಿದವರಿದ್ದಾರೆ. ಎರಡೂ ಪದರದ ಒಂದೊಂದು ಹನಿಯನ್ನು ಶುದ್ಧ ನೀರಿಗೆ ಬಿಟ್ಟು ನೋಡಿ. ಕರಗದೆ ಮುಳುಗಿದ್ದು ಫರ್ಫ್ಯೂರಾಲ್.

100 ಗ್ರಾಂ ದಿಂಡಿಗೆ 10 ಗ್ರಾಂ ಸಿಕ್ಕರೆ ಕೆಲಸ ಚೆನ್ನಾಗಿದೆ ಎಂದುಕೊಳ್ಳಿ. ಹೊಸದಾಗಿ ಇಳಿಸಿದ್ದಕ್ಕೆ ಬಣ್ಣವಿರುವುದಿಲ್ಲ, ಬಾದಾಮಿಯ ಘಮಲಿರುತ್ತದೆ. ಗಾಳಿ ಮತ್ತು ಬೆಳಕು ತಗುಲಿ ದಿನಗಳಲ್ಲೇ ಚಹಾದ ಬಣ್ಣಕ್ಕೆ ತಿರುಗಿ ಆಮೇಲೆ ಕಪ್ಪಾಗುತ್ತದೆ. ಕಂದು ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿಸಿ ತಂಪಿನಲ್ಲಿಡಿ. ಚರ್ಮದ ಮೂಲಕವೂ ಒಳಗೆ ಹೋಗುವ ವಿಷವದು. 60 ಡಿಗ್ರಿಯ ಸುಮಾರಿಗೆ ಅದರ ಆವಿ ಹೊತ್ತಿಕೊಳ್ಳುತ್ತದೆ. ಮನೆಯ ಅಡುಗೆಮನೆಯಲ್ಲಿ ಮಾಡುವ ಪ್ರಯೋಗ ಇದಲ್ಲ.

ಕಾಕಂಬಿಯಿಂದ ಎಥೆನಾಲ್ ತೆಗೆಯುವ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಮಾತ್ರ ಸುಡುತ್ತವೆ. ಸಿಪ್ಪೆಯಲ್ಲೂ ಸಕ್ಕರೆ ಇದೆಯಂತಲ್ಲ?
– ಜಿ.ಬಿ., ಮುಧೋಳ

ಇದೆ, ಆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ಕಾಕಂಬಿಗೆ ನೀರು ಬೆರೆಸಿ ಯೀಸ್ಟ್ ಹಾಕಿದರೆ ಕೆಲಸ ಶುರುವಾಗುತ್ತದೆ. ಸಿಪ್ಪೆಯ ಗ್ಲೂಕೋಸ್ ಸೆಲ್ಯುಲೋಸ್ ಎಳೆಯಾಗಿ ಹೆಣೆದುಕೊಂಡು, ಸುತ್ತ ಕ್ಸೈಲಾನ್ ಮತ್ತು ಲಿಗ್ನಿನ್ ಮೆತ್ತಿಕೊಂಡಿದೆ. ಆ ಎಳೆಯನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಒಳಗೆ ಹೋಗಬೇಕಾದರೆ ಮೊದಲು ಶೇ 1ರ ಆಸುಪಾಸಿನ ಆಮ್ಲದಲ್ಲಿ 160ರಿಂದ 190 ಡಿಗ್ರಿಗೆ ಕೆಲವು ನಿಮಿಷ ಬೇಯಿಸಿಯೋ, ಒತ್ತಡದ ಹಬೆಯಲ್ಲಿಟ್ಟು ಒಮ್ಮೆಲೇ ಬಿಟ್ಟು ಸಿಡಿಸಿಯೋ ಈ ಹೆಣಿಗೆಯನ್ನು ಸಡಿಲಿಸಬೇಕು. ಸ್ವಲ್ಪ ಹೆಚ್ಚು ಬೆಂದರೆ ಕ್ಸೈಲೋಸ್‌ನಿಂದ ಫರ್ಫ್ಯೂರಾಲ್ ಹುಟ್ಟುತ್ತದೆ. ರಾಣೆಬೆನ್ನೂರಿನವರು ಬಯಸಿದ ಅದೇ ವಸ್ತು ಇಲ್ಲಿ ಯೀಸ್ಟ್‌ಗೆ ವಿಷ. ಕಡಿಮೆ ಬೆಂದರೆ ಕಿಣ್ವ ಹೆಚ್ಚು ಬೇಕು, ಕಿಣ್ವ ದುಬಾರಿ. ಇನ್ನು ಸಿಪ್ಪೆಯ ಸಕ್ಕರೆಯಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚಿರುವ ಕ್ಸೈಲೋಸನ್ನು ಸಾಮಾನ್ಯ ಯೀಸ್ಟ್ ಮುಟ್ಟುವುದೇ ಇಲ್ಲ. ಅದಕ್ಕೆಂದೇ ಮಾರ್ಪಡಿಸಿದ ತಳಿ ಬೇಕು.

ಅಂಕಿಯಲ್ಲಿ ನೋಡೋಣ. ಶೇ 40 ಸೆಲ್ಯುಲೋಸ್ ಇರುವ ಒಂದು ಟನ್ ಪೂರ್ತಿ ಒಣಗಿದ ಸಿಪ್ಪೆಯಿಂದ ಸೆಲ್ಯುಲೋಸ್ ಲೆಕ್ಕಕ್ಕೇ 288 ಲೀಟರ್ ಎಥೆನಾಲ್ ಸಾಧ್ಯ, ಕ್ಸೈಲಾನ್ ಶೇ 25 ಎಂದರೆ ಇನ್ನೂ 184 ಲೀಟರ್. ಇದು ಒಂದು ಹನಿಯೂ ಸೋರದಾಗಿನ ಮಾತು. 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಇಂಡಿಯನ್ ಆಯಿಲ್‌ನ ಪಾಣಿಪತ್ ಘಟಕಕ್ಕೆ ಘೋಷಿಸಿದ ಗುರಿ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್. ಭಾಗಿಸಿ ನೋಡಿ, ಟನ್ನಿಗೆ 150 ಲೀಟರ್. ಹೊಲದಿಂದ ಬರುವ ಹುಲ್ಲಿನಲ್ಲಿ ತೇವ, ಮಣ್ಣು, ಸಿಲಿಕಾ ಎಲ್ಲ ಇರುತ್ತವೆ ಎಂಬುದನ್ನೂ ಮರೆಯಬಾರದು.

ಮತ್ತೆ, ಸಿಪ್ಪೆಯನ್ನು ‘ಸುಡುತ್ತಾರೆ’ ಎಂದು ಮರುಗಬೇಕಾಗಿಲ್ಲ. ಗಾಣದಿಂದ ಬರುವಾಗ ಅದರಲ್ಲಿ ಅರ್ಧ ನೀರು, ಆದರೂ ಕಾರ್ಖಾನೆಯ ಹಬೆ ಮತ್ತು ಕರೆಂಟ್ ಎರಡೂ ಅದರಿಂದಲೇ. ಸಿಪ್ಪೆಯನ್ನು ಎಥೆನಾಲ್‌ಗೆ ಕೊಟ್ಟರೆ ರಸ ಕುದಿಸಲು ಕಲ್ಲಿದ್ದಲು ತರಬೇಕಾಗುತ್ತದೆ. ಹಂಗಾಮು ಮುಗಿದ ಮೇಲೆ ಮಿಕ್ಕುವ ಸಿಪ್ಪೆಯ ಮಾತು ಬೇರೆ. ಸಿಪ್ಪೆಯ ಎಥೆನಾಲ್ ಬಗ್ಗೆ ಯಾರೇ ಹೇಳಿದರೂ, ಹೊಸ ಬಾಯ್ಲರ್ ಹಾಕಿ ಹಬೆ ಉಳಿಸಿದ ಮೇಲೆ ಮಿಕ್ಕಿದ್ದರ ಲೆಕ್ಕವೋ ಇರುವುದೆಲ್ಲದರ ಲೆಕ್ಕವೋ ಎಂದು ಕೇಳಿ.

ಒಂದು ಕಾಲಕ್ಕೆ ನಂಬಿಕೊಂಡು ವೆನಿಲಾ ಬೆಳೆದವರು ನಾವು. ಮರದಿಂದಲೇ ವೆನಿಲಾ ಪರಿಮಳ ತೆಗೆಯುತ್ತಾರೆ, ಅದಕ್ಕೇ ನಮ್ಮ ಬೀನ್ಸ್‌ಗೆ ಬೆಲೆಯಿಲ್ಲ ಎನ್ನುತ್ತಾರೆ. ನಿಜವೇ?
– ಎನ್.ಹೆಗಡೆ, ಶಿರಸಿ

ಮೊದಲರ್ಧ ನಿಜ. ವೆನಿಲಾ ಪರಿಮಳದ ಮುಖ್ಯ ಅಣು ವೆನಿಲಿನ್, ಹದ ಮಾಡಿ ಒಣಗಿಸಿದ ಕೋಡಿನಲ್ಲಿ ಅದು ಶೇ 2ರ ಆಸುಪಾಸು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್‌ನ ಇಟ್ಟಿಗೆಗಳೂ ಅದೇ ಆಕಾರದವು. ನಾರ್ವೆಯ ಸಾರ್ಪ್ಸ್‌ಬೋರ್ಗ್‌ನಲ್ಲಿ ಬೋರೆಗಾರ್ಡ್ ಕಂಪನಿ 1962ರಿಂದ ಸ್ಪ್ರೂಸ್ ಮರದ ತಿರುಳು ಬೇಯಿಸಿ ಉಳಿದ ಲಿಗ್ನಿನ್ ದ್ರಾವಣವನ್ನು ಕ್ಷಾರದಲ್ಲಿ, ತಾಮ್ರದ ವೇಗವರ್ಧಕದ ಜೊತೆ ಗಾಳಿ ಹಾಯಿಸಿ ಒಡೆದು ವೆನಿಲಿನ್ ಮಾಡುತ್ತಿದೆ. ನೂರು ಕೆ.ಜಿ. ಲಿಗ್ನಿನ್‌ಗೆ ಸಿಗುವುದು ಕೆಲವೇ ಕೆ.ಜಿ. ಕೆನಡಾದ ಥೋರಾಲ್ಡ್‌ನಲ್ಲಿದ್ದ ಇಂಥದ್ದೇ ದೊಡ್ಡ ಕಾರ್ಖಾನೆ 1987ರಲ್ಲಿ ಮುಚ್ಚಿತು. ಒಂದು ಕಾರಣ, ಉಳಿಯುತ್ತಿದ್ದ ಅಪಾರ ಕ್ಷಾರದ ಕೊಳಚೆ.

ಜಗತ್ತಿನ ವೆನಿಲಿನ್‌ನ ಬಹುಪಾಲು ಮರದ್ದೂ ಅಲ್ಲ, ಪೆಟ್ರೋಲಿಯಂನಿಂದ ಬರುವ ಗ್ವಾಯಕಾಲ್ ಎಂಬ ರಾಸಾಯನಿಕದ್ದು. ನಿಮ್ಮ ಕೋಡಿಗೆ ಅಗ್ಗದ ಎದುರಾಳಿ ಅದು. ಅಂದಹಾಗೆ ಈ ಪೈಪೋಟಿ ಹೊಸದೇನಲ್ಲ. ಜರ್ಮನಿಯಲ್ಲಿ ಪೈನ್ ಜಾತಿಯ ಮರಗಳಲ್ಲಿರುವ ಕೋನಿಫೆರಿನ್ ಎಂಬ ವಸ್ತುವಿನಿಂದ ವೆನಿಲಿನ್ ಮಾಡಿದ್ದು 1874ರಲ್ಲೇ. ಕೋಡಿನ ವೆನಿಲಿನ್ ಮತ್ತು ಮರದ ವೆನಿಲಿನ್ ಅಣುವಾಗಿ ಒಂದೇ ಆದರೂ ಪತ್ತೆ ಮಾಡುವ ದಾರಿಯಿದೆ: ವೆನಿಲಾ ಬಳ್ಳಿ ದ್ಯುತಿಸಂಶ್ಲೇಷಣೆ ನಡೆಸುವ ಬಗೆ ಮರದ್ದಕ್ಕಿಂತ ಬೇರೆ, ಹಾಗಾಗಿ ಇಂಗಾಲ-13ರ, ಅಂದರೆ ಇಂಗಾಲದ ತುಸು ಭಾರದ ಬಗೆಯ, ಪಾಲು ಅದರಲ್ಲಿ ಹೆಚ್ಚು. ರಫ್ತಿನ ಪ್ರಯೋಗಾಲಯಗಳು ಅಳೆಯುವುದು ಅದನ್ನೇ.

ಕಬ್ಬಿನ ಸಿಪ್ಪೆಯ ಲಿಗ್ನಿನ್‌ನಿಂದ ಇಲ್ಲೇ ಮಾಡಬಾರದೇ ಎಂದೂ ಕೇಳಿದ್ದೀರಿ. ಸ್ಪ್ರೂಸ್‌ನಲ್ಲಿ ಹೆಚ್ಚುಕಡಿಮೆ ಒಂದೇ ಜಾತಿಯ ಇಟ್ಟಿಗೆ. ಹುಲ್ಲಿನ ಜಾತಿಯ ಕಬ್ಬಿನಲ್ಲಿ ಮೂರು ಜಾತಿ. ಒಡೆದಾಗ ವೆನಿಲಿನ್ ಜೊತೆ ಸಿರಿಂಗಾಲ್ಡಿಹೈಡ್ ಮತ್ತು ಪ್ಯಾರಾ-ಹೈಡ್ರಾಕ್ಸಿ ಬೆಂಜಾಲ್ಡಿಹೈಡ್ ಬೆರೆತು ಬರುತ್ತವೆ. ಅವುಗಳನ್ನು ಬೇರೆ ಮಾಡುವ ಖರ್ಚಿನಲ್ಲೇ ಲಾಭ ಕರಗುತ್ತದೆ.

ಭದ್ರಾವತಿಯಲ್ಲಿ ಹಿಂದೆ ಸೌದೆಯಿಂದ ಸ್ಪಿರಿಟ್ ಮಾಡುತ್ತಿದ್ದರು ಎಂದು ಅಜ್ಜ ಹೇಳುತ್ತಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ಸ್ಪಿರಿಟ್ ಏಕೆ?
– ಕೆ.ಆರ್., ತರೀಕೆರೆ

ಅಜ್ಜ ಹೇಳಿದ್ದು ಸರಿ. 1923ರ ಜನವರಿಯಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಕಲ್ಲಿದ್ದಲಿನ ಕೋಕ್‌ನಿಂದಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ ಉರಿಯುತ್ತಿತ್ತು. ಇದ್ದಿಲನ್ನು ಗುಂಡಿಯಲ್ಲಿ ಸುಟ್ಟು ಹೊಗೆಯನ್ನು ಆಕಾಶಕ್ಕೆ ಬಿಡುವ ಬದಲು, ಸೌದೆಯನ್ನು ಗಾಳಿಯಾಡದ ಉಕ್ಕಿನ ಪಾತ್ರೆಗಳಲ್ಲಿ 400 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಹೊಗೆಯನ್ನು ತಣಿಸಿ ಹಿಡಿದರು. ಇದೇ ಮರದ ಬಟ್ಟಿ ಘಟಕ.

ಒಣ ಗಟ್ಟಿಮರದ ಒಂದು ಟನ್ನಿಗೆ ಇಂಥ ಘಟಕಗಳಲ್ಲಿ ಕಾಲುಭಾಗಕ್ಕೂ ತುಸು ಹೆಚ್ಚು ಇದ್ದಿಲು ಬರುತ್ತದೆ. ತಣಿದ ಕಂದು ದ್ರವದಲ್ಲಿ ನೀರಿನ ಜೊತೆ ಅಸಿಟಿಕ್ ಆಮ್ಲ, ಮೆಥನಾಲ್ ಮತ್ತು ಡಾಂಬರು ಇರುತ್ತವೆ. ಡಾಂಬರು ತಳಕ್ಕೆ ಕೂರುತ್ತದೆ. ಮೇಲಿನ ದ್ರವಕ್ಕೆ ಸುಣ್ಣ ಹಾಕಿದರೆ ಅಸಿಟಿಕ್ ಆಮ್ಲ ಕ್ಯಾಲ್ಸಿಯಂ ಅಸಿಟೇಟ್ ಆಗಿ ಕಟ್ಟಿಕೊಳ್ಳುತ್ತದೆ, ಆಗ ಬಟ್ಟಿ ಇಳಿಸಿದರೆ ಮೆಥನಾಲ್ ಮಾತ್ರ ಮೇಲೆ ಬರುತ್ತದೆ. ಅಜ್ಜ ಹೇಳಿದ ಸ್ಪಿರಿಟ್ ಅದು. ಸೌದೆಯ ತೂಕದಲ್ಲಿ ಶೇ 1ರಿಂದ 2. ಕುಡಿಯುವುದಲ್ಲ, ಕಣ್ಣನ್ನೂ ಜೀವವನ್ನೂ ಕಳೆಯುವಂಥದ್ದು. ಅಸಿಟೇಟನ್ನು ಒಣಗಿಸಿ ಮತ್ತೆ ಕಾಯಿಸಿದರೆ ಅಸಿಟೋನ್ ಸಿಗುತ್ತದೆ, ಸುಣ್ಣದ ಕಾರ್ಬೊನೇಟ್ ಉಳಿಯುತ್ತದೆ. 158 ಭಾಗಕ್ಕೆ 58.

ಗಟ್ಟಿಮರವೇ ಏಕೆಂದರೆ, ಅದರ ಕ್ಸೈಲಾನ್ ಮೈಮೇಲೆ ಅಸಿಟಿಕ್ ಆಮ್ಲವಾಗುವ ಅಸಿಟೈಲ್ ಗುಂಪುಗಳು ಮೊದಲೇ ಅಂಟಿಕೊಂಡಿರುತ್ತವೆ. ಶಾಖ ಅವುಗಳನ್ನು ಬಿಡಿಸುತ್ತದೆ, ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಪೈನ್ ಜಾತಿಯ ಮರಗಳಲ್ಲಿ ಇವು ಕಡಿಮೆ. ಮೆಥನಾಲ್ ಬರುವುದು ಬಹುಮಟ್ಟಿಗೆ ಲಿಗ್ನಿನ್‌ನ ಮೆಥಾಕ್ಸಿ ಗುಂಪಿನಿಂದ.

ಭದ್ರಾವತಿ ಶುರುವಾದ ಅದೇ 1923ರಲ್ಲಿ ಜರ್ಮನಿಯ ಲೊಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಅನಿಲದಿಂದ ನೇರವಾಗಿ ಮೆಥನಾಲ್ ಮಾಡತೊಡಗಿತು. ಜಗತ್ತಿನ ಮರದ ಬಟ್ಟಿ ಉದ್ಯಮಕ್ಕೆ ಅಲ್ಲಿಂದ ಇಳಿಗಾಲ. ಇದ್ದಿಲು ಬೇಕಿದ್ದ ಕಡೆ ಮಾತ್ರ ಉಪವಸ್ತುವಾಗಿ ಅದು ಕೆಲಕಾಲ ಬದುಕಿತು.

ಗೇರುಬೀಜದ ಕಾರ್ಖಾನೆ ಇದೆ. ಸಿಪ್ಪೆಯನ್ನು ಬಾಯ್ಲರಿಗೆ ಮಾರುತ್ತಿದ್ದೇವೆ. ಎಣ್ಣೆ ತೆಗೆದು ಮಾರುವುದು ಒಳ್ಳೆಯದೇ? ಎಣ್ಣೆಯನ್ನು ಕಾಯಿಸಿ ಕಾರ್ಡನಾಲ್ ಮಾಡಲು ಹೋದ ಪಕ್ಕದವರಿಗೆ ಪಾತ್ರೆ ಉಕ್ಕಿ ಬೆಂಕಿ ಹತ್ತಿತು.
– ಎಸ್.ಪಿ., ಕಾರ್ಕಳ

ಈ ಸಂಚಿಕೆಯ ಪ್ರಶ್ನೆಗಳಲ್ಲಿ ಸಣ್ಣ ಪ್ರಮಾಣದಲ್ಲೂ ಕೈಗೂಡುವುದು ಇದೊಂದೇ. ಕಾರಣ ಸರಳ: ಗೇರು ತನ್ನ ಸಿಪ್ಪೆಯ ಜೇನುಗೂಡಿನಂಥ ಪದರದಲ್ಲಿ ರಾಸಾಯನಿಕವನ್ನು ತಾನೇ ಮಾಡಿ ತುಂಬಿಟ್ಟಿದೆ. ಆಮ್ಲವೂ ಬೇಡ, ಕಿಣ್ವವೂ ಬೇಡ, ಹಿಂಡಿದರೆ ಸಾಕು. ಬೀಜವನ್ನು ಹಬೆಯಲ್ಲಿ ಬೇಯಿಸಿ ಕತ್ತರಿಸುವವರ ಸಿಪ್ಪೆಯಲ್ಲಿ ಎಣ್ಣೆ ಪೂರ್ತಿ ಉಳಿದಿರುತ್ತದೆ. ಒಳ್ಳೆಯ ಎಕ್ಸ್‌ಪೆಲ್ಲರ್‌ನಲ್ಲಿ (ಎಣ್ಣೆ ಹಿಂಡುವ ಯಂತ್ರ) ಸಿಪ್ಪೆಯ ತೂಕದ ಶೇ 18ರಿಂದ 20 ಸಿಗುತ್ತದೆ. ಹಿಂಡಿದ ಹಿಂಡಿಗೆ ಬಾಯ್ಲರಿನಲ್ಲಿ ಆಮೇಲೂ ಬೆಲೆಯಿದೆ, ಸೊನೆ ಕಡಿಮೆಯಾದದ್ದರಿಂದ ಹೊಗೆಯ ಘಾಟೂ ಕಡಿಮೆ. ಎಣ್ಣೆಯಲ್ಲೇ ಬೀಜ ಹುರಿಯುವ ಹಳೆಯ ಪದ್ಧತಿಯ ಸಿಪ್ಪೆಯಾದರೆ ಅರ್ಧ ಎಣ್ಣೆ ಆಗಲೇ ಹೊರಬಂದಿರುತ್ತದೆ, ಅದಕ್ಕೆ ಎಕ್ಸ್‌ಪೆಲ್ಲರ್ ಹಾಕುವ ಮೊದಲು ಒಂದು ಚೀಲ ಹಿಂಡಿಸಿ ನೋಡಿ.

ಪಕ್ಕದವರಿಗೆ ಆದದ್ದು ಬರೀ ಎಣ್ಣೆ ಕುದಿದದ್ದಲ್ಲ. ಹಸಿ ಎಣ್ಣೆಯಲ್ಲಿ ಮೂರನೇ ಎರಡು ಪಾಲಿನ ಆಸುಪಾಸು ಅನಕಾರ್ಡಿಕ್ ಆಮ್ಲ. ಕಾಯಿಸಿದಾಗ ಅದು ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಒಂದು ಕೆ.ಜಿ. ಎಣ್ಣೆಯಿಂದ ಹೊರಡುವ ಅನಿಲ, ಕೋಣೆಯ ಉಷ್ಣತೆಗೆ ಲೆಕ್ಕ ಹಾಕಿದರೆ, 45 ಲೀಟರ್. 200 ಕೆ.ಜಿ. ಎಣ್ಣೆಯನ್ನು ಒಮ್ಮೆಲೇ ಕಾಯಿಸಿದರೆ 9,000 ಲೀಟರ್ ಅನಿಲ ಆ ಅಂಟು ದ್ರವದೊಳಗಿಂದ ದಾರಿ ಹುಡುಕಬೇಕು. ಜೊತೆಗೆ ಎಣ್ಣೆಯಲ್ಲಿ ಉಳಿದ ತೇವ ಹಬೆಯಾಗುತ್ತದೆ. ಹಾಲು ಉಕ್ಕಿದಂತೆ ನೊರೆ ಉಕ್ಕಿ ಒಲೆಗೆ ಬೀಳುತ್ತದೆ.

ಆದ್ದರಿಂದ ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮೊದಲು 110 ಡಿಗ್ರಿಯಲ್ಲಿ ನಿಲ್ಲಿಸಿ, ಕಲಕುತ್ತಾ, ನೀರು ಪೂರ್ತಿ ಹೋಗುವವರೆಗೆ ಕಾಯಿರಿ. ಚಟಪಟ ಸದ್ದು ನಿಂತ ಮೇಲೆ ನಿಧಾನವಾಗಿ 140ಕ್ಕೆ ಏರಿಸಿ. ಅನಿಲ ಜೋರಾಗಿ ಹೊರಡುವ ಹೊತ್ತು ಅದು, ನೊರೆ ಇಳಿಯುವ ತನಕ ಮುಂದೆ ಹೋಗಬಾರದು. ಕೊನೆಗೆ 180ರ ಸುಮಾರಿಗೆ ಮುಗಿಸಿ. ಹೆಚ್ಚು ಹೊತ್ತು ಇದಕ್ಕಿಂತ ಮೇಲೆ ಇಟ್ಟರೆ ಕಾರ್ಡನಾಲ್ ತಾನೇ ಅಂಟಿಕೊಂಡು ಗಟ್ಟಿಯಾಗುತ್ತದೆ, ಕೊಳ್ಳುವವರು ಸ್ನಿಗ್ಧತೆ ನೋಡಿ ಬೆಲೆ ಇಳಿಸುತ್ತಾರೆ. ನೇರ ಬೆಂಕಿ ಬೇಡ. ಬಿಸಿ ಎಣ್ಣೆ ಹರಿಯುವ ಜಾಕೆಟ್ ಇರುವ ಪಾತ್ರೆ ಬೇಕು, ಅನಿಲ ಹೊರಹೋಗಲು ಅಗಲವಾದ ಕೊಳವೆ ಬೇಕು. ಆ ಕೊಳವೆಯ ತುದಿ ಒಲೆಯ ಕಡೆಗಿರಬಾರದು.

ತೂಕ ಕಡಿಮೆಯಾದರೆ ಗಾಬರಿಯಾಗಬೇಡಿ, ನೂರಕ್ಕೆ ಎಂಟು ಭಾಗ ಅನಿಲವಾಗಿಯೇ ಹೋಗಿರುತ್ತದೆ. ಹಾಗೆ ಬಂದದ್ದು ಬ್ರೇಕ್ ಲೈನಿಂಗ್ ಮತ್ತು ಬಣ್ಣದ ರೆಸಿನ್ ಮಾಡುವವರಿಗೆ ಸಾಕು. ತಿಳಿ ಕಾರ್ಡನಾಲ್ ಬೇಕೆಂದರೆ ನಿರ್ವಾತದಲ್ಲಿ ಬಟ್ಟಿ ಇಳಿಸಬೇಕು, ಅದಕ್ಕೆ ಬೇರೆಯೇ ಬಂಡವಾಳ. ಹಸಿ ಎಣ್ಣೆ ತಾಗಿದರೆ ಮಾವಿನ ಸೊನೆಗಿಂತ ಹತ್ತುಪಟ್ಟು ಸುಡುತ್ತದೆಂಬುದು ನಿಮ್ಮ ಕೆಲಸದವರಿಗೆ ಹೇಳಬೇಕಾದ ಮಾತಲ್ಲ. ಆದರೆ ರಬ್ಬರ್ ಕೈಗವಸನ್ನು ತಿಂಗಳುಗಟ್ಟಲೆ ಬಳಸಿದರೆ ಅದು ಉಬ್ಬಿ ಎಣ್ಣೆಯನ್ನು ಒಳಗೆ ಬಿಡುತ್ತದೆ. ನೈಟ್ರೈಲ್ ಕೈಗವಸು ಕೊಡಿ, ಮೆತ್ತಗಾದ ದಿನವೇ ಬದಲಿಸಿ.